ಪೆಡಲ್ ಕಚ್ಚುವ ಚಪ್ಪಲಿ

ಡೈರಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳದ ಮಾತು ಇದು: ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ.

ಇದೇನು ಮಹಾ ಎಂದು ಯಾರಾದರೂ ಕೇಳಬಹುದು. ಲೋಕದಲ್ಲಿ ಎಷ್ಟೋ ಜನಕ್ಕೆ ಸೈಕಲ್ ಬರುವುದಿಲ್ಲ. ಅವರೆಲ್ಲ ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತಾರೆ. ಆದರೆ ಅವರಾರೂ ಕೆಲಸದ ಅರ್ಜಿಯಲ್ಲಿ 'ಹವ್ಯಾಸ' ಎಂಬ ಕಾಲಮ್ಮಿನ ಎದುರು 'ಸೈಕಲ್ ಸವಾರಿ' ಎಂದು ಮುದ್ದಾದ ಅಕ್ಷರದಲ್ಲಿ ಬರೆದಿರುವುದಿಲ್ಲ.

ನಾನು ಬರೆದಿದ್ದೆ. ನನ್ನ ನಿಜವಾದ ಹವ್ಯಾಸ ಡೈರಿ ಬರೆಯುವುದು. ಆದರೆ ಹಾಗೆಂದು ತುಂಬಿದರೆ ಸಂದರ್ಶನದಲ್ಲಿ "ಡೈರಿಯಲ್ಲಿ ಏನು ಬರೀತೀರಿ?" ಎಂದು ಕೇಳಿಯೇ ಕೇಳುತ್ತಾರೆ. "ನಿಮ್ಮಂಥವರ ಬಗ್ಗೆ" ಎಂದು ಉತ್ತರ ಕೊಡುವುದಕ್ಕಾಗುತ್ತದೆಯೆ? ಪೆನ್ನು ಕಚ್ಚಿಕೊಂಡು ಕಿಟಕಿಯಾಚೆ ನೋಡಿದೆ. ಯಾರೋ ಸೈಕಲ್ ಮೇಲೆ ಹೋದರು. ಬರೆದುಬಿಟ್ಟೆ. ಆ ಗಳಿಗೆಯಲ್ಲಿ ಬ್ಯಾಂಡ್‌ಸೆಟ್ಟಿನವರು ಹೋಗಿದ್ದರೆ ಈಗ ನನ್ನ ಕೊರಳಲ್ಲಿ ಡೋಲು ನೇತಾಡುತ್ತಿರುತ್ತಿತ್ತು.

ಅದಕ್ಕೂ ಹಿಂದೆ ಇದೇ ಸುಳ್ಳನ್ನು ಅಮ್ಮನಿಗೂ ಹೇಳಿದ್ದೆ. ಹಾಸ್ಟೆಲಿನಲ್ಲಿದ್ದಾಗ ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ, "ರೂಮಲ್ಲೇ ಕೂತಿರ್ತೀಯೇನೇ? ಯಾರ ಜೊತೆಗೂ ಸೇರಲ್ವೇನೇ?" ಎಂದು ಅಳುವ ದನಿ ತೆಗೆಯುತ್ತಿದ್ದಳು. ಒಂದು ಭಾನುವಾರ ಸಾಕಾಗಿ, "ಇಲ್ಲಮ್ಮ, ಗೆಳತಿಯರ ಜೊತೆ ಸೈಕಲ್ ಕಲೀತಿದೀನಿ" ಎಂದೆ. ಮುಂದಿನ ಭಾನುವಾರ ಕಲಿತದ್ದೂ ಆಯಿತು. ಹೀಗೆ ಒಂದೇ ಸುಳ್ಳನ್ನು ಎರಡು ಕಡೆ ಹೇಳಿದ್ದರಿಂದ ಅದಕ್ಕೆ ಎರಡು ಸಾಕ್ಷಿಗಳು ಸಿಕ್ಕಂತಾಗಿ, ಎದ್ದು ನಿಂತು ಓಡಾಡತೊಡಗಿತು.

ಕೆಲಸ ಸಿಕ್ಕಿತು. ನೀರು ಸರಬರಾಜು ಕಚೇರಿಯ ದೂರು ವಿಭಾಗ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಜನ ಬರೆದ ಕಾಗದಗಳಿಗೆ, ಬರುತ್ತದೆ ಎಂದು ನಾನು ಉತ್ತರ ಬರೆಯಬೇಕು. ಆರು ತಿಂಗಳು ತಾತ್ಕಾಲಿಕ; ಆಮೇಲೆ ಮ್ಯಾನೇಜರ್ ಒಂದು ಕಾಗದಕ್ಕೆ ರುಜು ಹಾಕಿದರೆ ಕಾಯಂ, ಇಲ್ಲವಾದರೆ ಮನೆ. ಮೂರು ತಿಂಗಳು ನಾನು ಆ ಕಚೇರಿಯಲ್ಲಿ ಎಷ್ಟು ಸದ್ದಿಲ್ಲದೆ ಇದ್ದೆನೆಂದರೆ, ಸಂಜೆ ಎರಡು ಸಲ ನನ್ನನ್ನು ಒಳಗೇ ಬಿಟ್ಟು ಬೀಗ ಹಾಕಿಕೊಂಡು ಹೋಗಿದ್ದರು. ನನಗೆ ಪರಮ ಸುಖವಾಗಿತ್ತು.

ನಾಲ್ಕನೆಯ ತಿಂಗಳು ಮಾವ ಬಂದ.

ಮಾವ ಎಂದರೆ ಅಮ್ಮನ ತಮ್ಮ. ಯಾವ ವಸ್ತು ಯಾವ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ ಎಂಬುದು ಅವನಿಗೆ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟ. ಅದು ಯಾತಕ್ಕೆ ಬೇಕು ಎಂಬುದು ಮಾತ್ರ ಗೊತ್ತಿರುವುದಿಲ್ಲ.

"ತಗೋ! ಸೈಕಲ್ ಹೊಡಿಯೋರಿಗೆ ಅಂತಲೇ ಮಾಡಿದ್ದು!" ಎಂದು ಒಂದು ಪೆಟ್ಟಿಗೆ ಕೊಟ್ಟ.

ಒಳಗೆ ಒಂದು ಜೊತೆ ಚಪ್ಪಲಿ. ದಪ್ಪ ಅಟ್ಟೆ, ಮೇಲೆ ಮೂರು ಮೂರು ಪಟ್ಟಿ. ತಿರುಗಿಸಿ ನೋಡಿದರೆ ಅಟ್ಟೆಯ ಅಡಿಗೆ ಒಂದೊಂದು ಕಬ್ಬಿಣದ ತುಂಡು, ಎರಡೆರಡು ಸ್ಕ್ರೂ.

"ಇದ್ಯಾಕೆ ಮಾವ ಕಬ್ಬಿಣ?"

"ಅದೇ ಕಣೇ ಮಜಾ! ಪೆಡಲ್‌ಗೆ ಟಕ್ ಅಂತ ಕಚ್ಕೊಳ್ಳುತ್ತೆ. ಆ ಪೆಡಲ್ಲೇ ಬೇರೆ. ಕ್ಲಿಪ್‌ಲೆಸ್ ಅಂತಾರೆ."

"ಕ್ಲಿಪ್‌ಲೆಸ್ ಅಂದ್ರೆ ಕ್ಲಿಪ್ ಇಲ್ಲ ಅಂತಲ್ವಾ? ಮತ್ತೆ ಕಚ್ಕೊಳ್ಳೋದು ಹೇಗೆ?"

"ಕ್ಲಿಪ್ ಇಲ್ದೇನೇ ಕಚ್ಕೊಳ್ಳುತ್ತೆ. ಅದೇ ತಾನೇ ಅದರ ದೊಡ್ಡಸ್ತಿಕೆ!"

ಅಮ್ಮ ಚಪ್ಪಲಿಯನ್ನು ಅನುಮಾನದಿಂದ ನೋಡಿ, "ಕಚ್ಕೊಳ್ಳೋದೇನೋ ಸರಿ ಕಣೋ. ಬಿಡೋದು?" ಎಂದಳು.

"ಅಕ್ಕಾ, ಅವಳು ಸೈಕಲ್ ಹೊಡಿಯೋಕೆ ಹೋಗೋದಾ, ಬಿಡೋಕೆ ಹೋಗೋದಾ?"

ಮಾವ ತನ್ನ ಹಳೆಯ ಸೈಕಲ್ಲಿಗೆ ಬಣ್ಣ ಹೊಡೆಸಿ, ಆ ಪೆಡಲ್ ಹಾಕಿಸಿಯೇ ತಂದಿದ್ದ. ಸಾಲದ್ದಕ್ಕೆ ನನ್ನನ್ನು ತಿರುವಿನ ಸೈಕಲ್ ಅಂಗಡಿಗೂ ಕರೆದುಕೊಂಡು ಹೋದ. ಅಂಗಡಿಯವರು ಸೀಟು ಇಳಿಸುತ್ತಾ, "ನೋಡಮ್ಮಾ, ಇಳಿಯೋವಾಗ ಹಿಮ್ಮಡೀನ ಹೊರಗಡೆ ತಿರುಗಿಸು. ಒಳಗಡೆ ತಿರುಗಿಸಿದ್ರೆ ಬಿಡಲ್ಲ. ಗೊತ್ತಾಯ್ತಾ?" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನ್ನ ಎರಡನೆಯ ಹವ್ಯಾಸ.

ಮನೆಗೆ ಬಂದು ನೋಡಿದರೆ ನನ್ನ ಹಳೆಯ ಚಪ್ಪಲಿ ಮಾಯ. "ಸವೆದು ಹೋಗಿತ್ತು, ಬಿಸಾಕಿದೆ" ಎಂದ ಮಾವ, ದೊಡ್ಡ ಉಪಕಾರ ಮಾಡಿದವನ ಹಾಗೆ.

ಮಾರನೆಯ ಬೆಳಿಗ್ಗೆ ಅಮ್ಮ ಬಾಲ್ಕನಿಯಲ್ಲಿ ನಿಂತು ಕೈ ಬೀಸಿದಳು. ನಾನು ಸೈಕಲ್ ತಳ್ಳಿಕೊಂಡು ಹೊರಟೆ. ಓಣಿಯಲ್ಲಿ ಜಲ್ಲಿ ಇದೆ, ತಿರುವು ದಾಟಿ ಹತ್ತುತ್ತೇನೆ ಎಂದು ಅಮ್ಮನಿಗೆ ಹೇಳಿದ್ದೆ. ತಿರುವು ದಾಟಿದ ಮೇಲೂ ತಳ್ಳಿದೆ. ಕಚೇರಿಯ ತನಕ ತಳ್ಳಿದೆ. ಸಂಜೆ ಹಾಗೆಯೇ ತಳ್ಳಿಕೊಂಡು ಬಂದೆ. ಬರಿಗೈಯಲ್ಲಿ ಇಪ್ಪತ್ತು ನಿಮಿಷದ ದಾರಿ. ಸೈಕಲ್ ಜೊತೆಗಿದ್ದರೆ ಮುಕ್ಕಾಲು ಗಂಟೆ. ಮನುಷ್ಯರು ಬೇಗ ಹೋಗಲೆಂದು ಈ ಯಂತ್ರವನ್ನು ಕಂಡುಹಿಡಿದವರು ಎಲ್ಲಿದ್ದರೂ ನನ್ನನ್ನು ಕ್ಷಮಿಸಲಿ.

ಮೂರನೆಯ ದಿನ ಕೆಳಮನೆಯ ಆಂಟಿ ಪೇಟೆಬೀದಿಯಲ್ಲಿ ಹಿಡಿದರು.

"ಏನಮ್ಮಾ ಇದು? ಸೈಕಲ್ ಇಟ್ಕೊಂಡು ನಡ್ಕೊಂಡು ಹೋಗ್ತಿದೀಯ!"

"ಅದು... ಮೈ ಬಿಸಿ ಮಾಡ್ಕೊಳ್ಳೋದು ಆಂಟಿ. ಮೊದಲು ತಳ್ಳಬೇಕು."

"ಎಲ್ಲೀ ತನಕ?"

"ಆಫೀಸ್ ತನಕ."

"ಮತ್ತೆ ಹತ್ತೋದು?"

"ಮೈ ಪೂರ್ತಿ ಬಿಸಿ ಆದಮೇಲೆ."

ನಗುತ್ತಾರೆ ಎಂದುಕೊಂಡೆ. ಅವರು ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಪ್ಪಲಿಯ ಮೇಲೆ ಕಣ್ಣು ನಿಲ್ಲಿಸಿ, "ಅದಕ್ಕೇ ಅನ್ನು ನೀನು ಇಷ್ಟು ತೆಳ್ಳಗಿರೋದು!" ಎಂದರು. ಮರುದಿನ ಅವರು ಗಂಡನ ಸೈಕಲ್ಲನ್ನು ತಳ್ಳಿಕೊಂಡು ನನ್ನ ಜೊತೆ ಹೊರಟರು. ಹಿಂದಿನಿಂದ ಅವರ ಗಂಡ, "ಲೇ, ನಾನು ಕೆಲಸಕ್ಕೆ ಹೇಗೇ ಹೋಗ್ಲಿ?" ಎಂದು ಓಡಿ ಬಂದರು. "ಕ್ಯಾರಿಯರ್ ಹಿಡ್ಕೊಂಡು ನೀವೂ ತಳ್ಳಿ. ನಿಮ್ಮ ಹೊಟ್ಟೆಗೂ ಒಳ್ಳೇದು" ಎಂದರು ಆಂಟಿ. ವಾರ ಕಳೆಯುವಷ್ಟರಲ್ಲಿ ನಮ್ಮ ಓಣಿಯಿಂದ ಐದು ಸೈಕಲ್ಲು, ಏಳು ಜನ ಹೊರಡುತ್ತಿದ್ದೆವು. ಮೇಲೆ ಒಬ್ಬರೂ ಇರಲಿಲ್ಲ. ಸೈಕಲ್ ಅಂಗಡಿಯವರು ದಿನವೂ ಪಂಪು ಹಿಡಿದು ಹೊರಗೆ ಬಂದು, ಎಲ್ಲರ ಟೈರನ್ನೂ ಒತ್ತಿ ನೋಡಿ, "ಗಾಳಿ ಇದೆ, ಚೈನ್ ಇದೆ. ಏನ್ ಕಾಯಿಲೆ ಇವಕ್ಕೆ?" ಎಂದು ತಲೆ ಚಚ್ಚಿಕೊಂಡು ಒಳಗೆ ಹೋಗುತ್ತಿದ್ದರು.

ಬೀದಿಯ ಕಥೆ ಇದಾದರೆ ಕಚೇರಿಯದು ಇನ್ನೊಂದು.

ನಮ್ಮ ಮ್ಯಾನೇಜರ್ ತಮ್ಮ ಬೂಟಿಗೆ ಲಾಳ ಹೊಡೆಸಿದ್ದರು. ಕಾರಿಡಾರಿನ ನುಣುಪು ಕಲ್ಲಿನ ಮೇಲೆ ಟಕ್ ಟಕ್ ಎಂದು ಸದ್ದು ಬಂದರೆ ಅವರು ಬರುತ್ತಿದ್ದಾರೆ ಎಂದೇ ಅರ್ಥ. ಆ ಸದ್ದಿನ ಮೇಲೆ ಇಡೀ ಕಚೇರಿಯ ಶಿಸ್ತು ನಿಂತಿತ್ತು. ಸದ್ದು ಬಂದಾಗ ಎಲ್ಲರೂ ಕೆಲಸ ಮಾಡುತ್ತಿದ್ದರು, ಹೋದಾಗ ಬಿಡುತ್ತಿದ್ದರು. ಇಪ್ಪತ್ತು ವರ್ಷದಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ನನ್ನ ಚಪ್ಪಲಿಯ ಕಬ್ಬಿಣವೂ ಟಕ್ ಟಕ್ ಎನ್ನುತ್ತಿತ್ತು.

ನಾನು ನೀರು ಕುಡಿಯಲು ಎದ್ದರೆ ಹತ್ತೊಂಬತ್ತು ಜನ ಫೈಲು ಬಿಚ್ಚುತ್ತಿದ್ದರು. ಕುಡಿದು ವಾಪಸು ಬಂದರೆ ಮತ್ತೆ ಬಿಚ್ಚುತ್ತಿದ್ದರು. ಹೆಡ್ ಕ್ಲರ್ಕ್ ಅಂತೂ ಪದಬಂಧ ತುಂಬುತ್ತಿದ್ದ ಪತ್ರಿಕೆಯನ್ನು ಮಡಚಿ ಅದರ ಮೇಲೆ ಕೂತುಕೊಳ್ಳುತ್ತಿದ್ದರು. ಎರಡನೆಯ ದಿನ ಮಧ್ಯಾಹ್ನ ಅವರ ಸಹನೆ ಮುಗಿಯಿತು.

"ಮತ್ತೆ ನೀವೇನಾ! ಬೆಳಿಗ್ಗೆಯಿಂದ ಏಳು ಸಲ ಎದ್ದು ಕೂತೆ. ಅಡ್ಡಸಾಲು ಹನ್ನೊಂದು ಬಾಯಲ್ಲೇ ಇತ್ತು, ಹೊರಟೇ ಹೋಯ್ತು. ಇಷ್ಟು ನೀರು ಯಾಕಮ್ಮಾ ಕುಡೀತೀರಿ?"

ಅಂದಿನಿಂದ ನೀರು ಕುಡಿಯುವುದನ್ನು ಬಿಟ್ಟೆ. ನೀರು ಸರಬರಾಜು ಕಚೇರಿಯಲ್ಲಿ ಗಂಟಲು ಒಣಗಿಸಿಕೊಂಡು ಕೂತವಳು ನಾನೊಬ್ಬಳೇ ಇರಬೇಕು. ಆದರೂ ಎರಡು ವಾರ ಕಳೆಯುವ ಹೊತ್ತಿಗೆ ಮ್ಯಾನೇಜರಿಂದ ಕರೆ ಬಂತು.

"ಟಕ್ ಟಕ್ ನೀವೇನಾ?"

"ಹೌದು ಸಾರ್."

"ಅಲ್ರೀ, ನಾನಿಲ್ಲಿ ಕುರ್ಚಿ ಮೇಲೆ ಕೂತಿದೀನಿ, ನನ್ನ ಬೂಟು ಹೊರಗಡೆ ಓಡಾಡ್ತಿದೆ! ನನ್ನ ಮೇಲಿನವರು ಬಂದರೇನೋ ಅಂತ ನಾನೇ ಎದ್ದು ನಿಂತೆ. ಎಲ್ಲಿ, ತೋರ್ಸಿ."

ಒಂದು ಚಪ್ಪಲಿ ಬಿಚ್ಚಿ ತೋರಿಸಿದೆ. ಅವರು ಅದನ್ನು ಕನ್ನಡಕ ಮೇಲೇರಿಸಿಕೊಂಡು ನೋಡಿದರು. ಸೈಕಲ್ಲಿನದು ಎಂದು ತಿಳಿದೊಡನೆ ನನ್ನ ಫೈಲು ತರಿಸಿದರು. ಹವ್ಯಾಸದ ಕಾಲಮ್ಮಿನ ಮೇಲೆ ಅವರ ಬೆರಳು ನಿಂತಿತು.

ನಮ್ಮ ಮ್ಯಾನೇಜರಿಗೆ ಯೋಜನೆಗಳ ಹುಚ್ಚು. ಹೋದ ವರ್ಷ 'ನಿಂತು ಕೆಲಸ ಮಾಡುವ ಯೋಜನೆ' ಎಂದು ರವಾನೆ ವಿಭಾಗದ ಕುರ್ಚಿಗಳನ್ನೆಲ್ಲ ಉಗ್ರಾಣಕ್ಕೆ ಹಾಕಿಸಿದ್ದರು. ಯೋಜನೆ ಮುಗಿದರೂ ಕುರ್ಚಿಗಳು ಪೂರ್ತಿ ಹಿಂದಿರುಗಿರಲಿಲ್ಲ. ಈಗಲೂ ಅಲ್ಲಿ ಇಬ್ಬರು ಸರದಿಯ ಮೇಲೆ ಕೂರುತ್ತಾರೆ.

"ಇನ್ಮೇಲೆ ಮೀಟರ್ ರೀಡರ್‌ಗಳೆಲ್ಲ ಸೈಕಲ್ ಮೇಲೆ!" ಎಂದು ಮೇಜು ಗುದ್ದಿದರು. "ಎಷ್ಟು ದಿನದಿಂದ ತಲೆಯಲ್ಲಿತ್ತು, ತಿಳಿದವರು ಸಿಕ್ಕಿರಲಿಲ್ಲ. ವರದಿ ನೀವು ಬರೀರಿ. ಎಂಥ ಸೈಕಲ್, ಎಂಥ ಸೀಟು, ಎಲ್ಲಾ."

ಆಗಲೇ ಹೇಳಬೇಕಿತ್ತು. ಆದರೆ ಅವರು ಕೇಳಿದ್ದು ಬರೆಯುವುದನ್ನು. ಬರೆಯುವುದು ನನಗೆ ಬರುತ್ತದೆ. ನಾನು ಕೆಟ್ಟದ್ದು ಅಲ್ಲೇ.

ಹದಿನೆಂಟು ಪುಟ ಬರೆದೆ. ಬ್ರೇಕು, ಬೆಲ್ಲು, ಇಳಿಜಾರಿನಲ್ಲಿ ವಹಿಸಬೇಕಾದ ಎಚ್ಚರ, ನಾಯಿ ಅಟ್ಟಿಸಿಕೊಂಡು ಬಂದಾಗ ಅನುಸರಿಸಬೇಕಾದ ಕ್ರಮ. ಸೈಕಲ್ ಕಂಡರೆ ನಡುಗುವವಳು ಅದರ ಬಗ್ಗೆ ಬರೆಯುವಷ್ಟು ವಿವರವಾಗಿ ನಿತ್ಯ ಹೊಡೆಯುವವರು ಬರೆಯಲಾರರು. ಅವರಿಗೆ ಅಷ್ಟೊಂದು ಅಪಾಯಗಳು ಹೊಳೆಯುವುದೇ ಇಲ್ಲ. ಮ್ಯಾನೇಜರ್ ಓದಿ ಗದ್ಗದಿತರಾದರು.

"ಆರನೇ ತಿಂಗಳ ಕೊನೇ ದಿನ ಅಂಗಳದಲ್ಲಿ ಎಲ್ಲರ ಮುಂದೆ ನೀವು ಒಂದು ಸುತ್ತು ಹೊಡೆದು ತೋರಿಸಿ. ಅಲ್ಲೇ ಎರಡು ಕಾಗದಕ್ಕೆ ರುಜು ಹಾಕ್ತೀನಿ. ಒಂದು ಸೈಕಲ್ ಆದೇಶ, ಇನ್ನೊಂದು ನಿಮ್ಮ ಕಾಯಂ ಕಾಗದ."

ಆ ಆದೇಶದ ಕರಡು ನೋಟಿಸ್ ಬೋರ್ಡಿಗೆ ಬಂತು. ಅದರ ಎರಡನೆಯ ಸಾಲು ನಾನು ಬರೆದದ್ದಲ್ಲ: 'ಮೀಟರ್ ರೀಡರುಗಳು ತಮ್ಮ ಬಸ್ ಪಾಸುಗಳನ್ನು ಕಚೇರಿಗೆ ಒಪ್ಪಿಸತಕ್ಕದ್ದು.'

ಅಂದು ಸಂಜೆ ಹಿರಿಯ ಮೀಟರ್ ರೀಡರ್ ನನ್ನ ಮೇಜಿನ ಬಳಿ ಬಂದರು. ಕಚೇರಿಯಲ್ಲಿ ನನ್ನೊಡನೆ ಮೊದಲಿಂದ ಮಾತಾಡುತ್ತಿದ್ದವರು ಅವರೊಬ್ಬರೇ. ಗುಡ್ಡದ ಮೇಲಿನ ಬಡಾವಣೆ ಅವರದು. ಅವರು ಬರುವುದು ಕಾಣಿಸುವುದಕ್ಕೆ ಮುಂಚೆ ಅವರ ಮಂಡಿ ಲಟಲಟ ಎನ್ನುವುದು ಕೇಳಿಸುತ್ತಿತ್ತು. ಎದೆಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಬಸ್ ಪಾಸ್ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಅವರ ಫೋಟೋಗೆ ಇನ್ನೂ ಕಪ್ಪು ಕೂದಲಿತ್ತು.

"ಈ ಮಂಡಿ ಕಟ್ಕೊಂಡು ಗುಡ್ಡ ಹತ್ತೋದು ಹೇಗೆ ತಾಯಿ? ಇನ್ನು ಎರಡು ವರ್ಷ ಇದೆ ನನ್ನ ಸರ್ವೀಸು. ನೀವು ತಿಳಿದವರು. ನನ್ನಂಥವರಿಗೆ ಅದರಲ್ಲಿ ಏನಾದ್ರೂ ಉಪಾಯ ಬರ್ದಿದೀರಾ?"

ಹದಿನೆಂಟು ಪುಟದಲ್ಲಿ ನಾಯಿಗೂ ಒಂದು ಪ್ಯಾರಾ ಇತ್ತು, ಅವರಿಗೆ ಇರಲಿಲ್ಲ.

ಅಂದು ನಿಶ್ಚಯಿಸಿದೆ, ನಿಜ ಹೇಳಿಬಿಡಬೇಕು. ಆದರೆ ನಿಜ ಹೇಳುವುದಕ್ಕೆ ಎದುರಿನವರು ಕೇಳಬೇಕಲ್ಲ? ಮ್ಯಾನೇಜರ ಕೋಣೆಗೆ ಮೂರು ಸಲ ಹೋದೆ.

"ಸಾರ್, ಸೈಕಲ್ ವಿಷಯ..."

"ಬೆಲ್ ತಾನೇ? ಒಪ್ಪಿದೆ. ಎರಡು ಹಾಕ್ಸೋಣ."

"ಅಲ್ಲ ಸಾರ್, ನಾನು..."

"ಹೆಲ್ಮೆಟ್? ಅದೂ ಒಪ್ಪಿದೆ. ಎಂಥ ಕಾಳಜಿ ರೀ ನಿಮ್ಮದು!"

ಮೂರನೆಯ ಸಲ ನನ್ನ ಟಕ್ ಟಕ್ ಕೇಳಿದೊಡನೆ ಅವರೇ ಒಳಗಿನಿಂದ, "ಒಪ್ಪಿದೆ, ಒಪ್ಪಿದೆ!" ಎಂದು ಕೂಗಿದರು. ಏನನ್ನು ಒಪ್ಪಿದರೋ ಇವತ್ತಿಗೂ ಗೊತ್ತಿಲ್ಲ.

ಹೆಡ್ ಕ್ಲರ್ಕಿಗೆ ಹೇಳಿ ನೋಡಿದೆ. "ಸಾರ್, ನನಗೆ ಅಷ್ಟಾಗಿ ಬರಲ್ಲ" ಎಂದೆ.

"ನಿಜವಾಗಿ ಬರೋರು ಹೀಗೇ ಹೇಳೋದು" ಎಂದು ಅವರು ಪದಬಂಧದಿಂದ ತಲೆ ಎತ್ತದೆ ಹೇಳಿದರು. "ನನ್ನ ಷಡ್ಡಕ ಈಜಾಡೋಕೆ ಬರುತ್ತೆ ಬರುತ್ತೆ ಅಂತ ಎಲ್ಲರ ಹತ್ರ ಹೇಳ್ತಿದ್ದ. ಒಂದು ದಿನ ತಳ್ಳಿ ನೋಡಿದ್ವಿ."

"ಆಮೇಲೆ?"

"ಈಗ ಅವನು ಹಾಗೆ ಹೇಳಲ್ಲ."

ಉಳಿದದ್ದು ಒಂದೇ ದಾರಿ, ಕಲಿಯುವುದು. ಭಾನುವಾರ ಮನೆಯ ಹಿಂದೆ ಗೋಡೆಗೆ ಆನಿಸಿಕೊಂಡು ಸೈಕಲ್ ಹತ್ತಿದೆ. ಬಲಗಾಲು ಟಕ್ ಎಂದಿತು. ಎಡಗಾಲು ನೆಲಕ್ಕೆ ಎಟುಕಲಿಲ್ಲ. ಗೋಡೆಯನ್ನು ತಬ್ಬಿಕೊಂಡೆ. ಹಾಗೆಯೇ ನಲವತ್ತು ನಿಮಿಷ ಇದ್ದೆ. ಕೆಳಮನೆಯ ಆಂಟಿ ಬಟ್ಟೆ ಒಣಹಾಕಲು ಬಂದವರು ನೋಡಿ, ಸದ್ದು ಮಾಡದೆ ಒಳಗೆ ಹೋಗಿ, ಗಂಡನನ್ನು ಕರೆತಂದು, "ನೋಡ್ರೀ, ಉಸಿರೂ ಆಡ್ದೆ ಹೇಗೆ ಕೂತಿದಾಳೆ! ಇದು ಏಕಾಗ್ರತೆ ಅಭ್ಯಾಸ" ಎಂದು ಪಿಸುಗುಟ್ಟಿದರು. ಸೋಮವಾರ ಬೆಳಿಗ್ಗೆ ಅವರ ಮನೆಯ ಗೋಡೆಗೂ ಒಬ್ಬರು ಅಂಟಿಕೊಂಡಿದ್ದರು. ಗಂಡ.

ಆ ಭಾನುವಾರ ಕೊನೆಗೆ ಅಮ್ಮ ಹುಡುಕಿಕೊಂಡು ಬಂದು, ನನ್ನ ಕಾಲನ್ನು ಎಳೆದಾಡಿ ಹೇಗೋ ಬಿಡಿಸಿದಳು. "ಗೋಡೆ ಪಕ್ಕ ಏನೇ ಮಾಡ್ತಿದ್ದೆ?" ಎಂದಳು. "ಸುಮ್ನೆ" ಎಂದೆ.

ಆ ದಿನ ಬಂತು.

ಕಚೇರಿಯ ಅಂಗಳದಲ್ಲಿ ಪೈಪುಗಳ ರಾಶಿಯನ್ನು ಒಂದು ಬದಿಗೆ ಸರಿಸಿ, ಸುಣ್ಣದ ಪುಡಿಯಲ್ಲಿ ದುಂಡಗೆ ಗೆರೆ ಎಳೆದಿದ್ದರು. ಮೇಜಿನ ಮೇಲೆ ಎರಡು ಕಾಗದ, ಹಾರದಂತೆ ಎರಡು ನಲ್ಲಿ. ಮೀಟರ್ ರೀಡರುಗಳು ಸಾಲಾಗಿ ನಿಂತಿದ್ದರು, ಶಿಕ್ಷೆಗೆ ನಿಲ್ಲಿಸಿದ ಹಾಗೆ. ಯಾರೂ ಕರೆಯದಿದ್ದರೂ ಮಾವ ಅಮ್ಮನನ್ನು ಕರೆದುಕೊಂಡು ಬಂದಿದ್ದ. ಕೆಳಮನೆಯ ಆಂಟಿಯೂ ಬಳಗ ಸಮೇತ ನಾಲ್ಕು ಸೈಕಲ್ ತಳ್ಳಿಕೊಂಡು ಬಂದಿದ್ದರು.

"ಹಿಂದೆ ನಾನು ಹಿಡ್ಕೋತೀನಿ. ಮುಂದೆ ಹ್ಯಾಂಡಲ್ ನೀವು ಹಿಡೀರಿ ಸಾರ್" ಎಂದ ಮಾವ, ಹೆಡ್ ಕ್ಲರ್ಕಿಗೆ.

ಹತ್ತಿ ಕೂತೆ. ಬಲಗಾಲು, ಟಕ್. ಎಡಗಾಲು, ಟಕ್.

"ಬಿಡ್ಲಾ?" ಎಂದ ಮಾವ.

"ಬೇಡ!"

"ಬೇಡ ಅಂದ್ರೆ ಹೇಗಮ್ಮಾ, ನನಗೆ ಭುಜ ನೋಯ್ತಿದೆ" ಎಂದರು ಹೆಡ್ ಕ್ಲರ್ಕ್.

"ಬಿಡ್ಬೇಡಿ! ನಾನು ಇಳೀತೀನಿ!"

ಹಿಮ್ಮಡಿ ತಿರುಗಿಸಿದೆ. ಅದು ಬಿಡಲಿಲ್ಲ. ಮತ್ತೆ ತಿರುಗಿಸಿದೆ. ಒಳಗೋ ಹೊರಗೋ ಎಂಬುದು ನನ್ನ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು.

"ಒಳಗಡೆ ತಿರುಗ್ಸು!" ಎಂದ ಮಾವ.

"ಹಿಂದಕ್ಕೆ ತುಳೀರಿ!" ಎಂದರು ಹೆಡ್ ಕ್ಲರ್ಕ್.

"ಬೆಲ್ ಹೊಡೀರಿ!" ಎಂದರು ಮ್ಯಾನೇಜರ್, ಯಾಕೆಂದು ಅವರಿಗೇ ಗೊತ್ತು.

"ಮೈ ಇನ್ನೂ ಬಿಸಿ ಆಗಿಲ್ಲ ಅವಳಿಗೆ! ಮೊದಲು ತಳ್ಳಿ!" ಎಂದರು ಆಂಟಿ.

ಮಾವ ಹಿಂದಕ್ಕೆ ಎಳೆದ. ಹೆಡ್ ಕ್ಲರ್ಕ್ ಮುಂದಕ್ಕೆ ಎಳೆದರು. ನಾನು ಮಧ್ಯದಲ್ಲಿ, ಸಾಗಿಸುತ್ತಿರುವ ಬೀರುವಿನ ಹಾಗೆ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲಿದೆ. "ನಾನು ಆಗ್ಲೇ ಕೇಳ್ಲಿಲ್ವೇನೋ, ಬಿಡೋದು ಹೇಗೆ ಅಂತ?" ಎಂದು ಅಮ್ಮ ತಮ್ಮನ ಬೆನ್ನಿಗೆ ಗುದ್ದಿದಳು. ಮಾವ ಒಂದು ಕೈ ಬಿಟ್ಟ. ಎಲ್ಲರೂ ಕೂಡಿ ಪೈಪಿನ ರಾಶಿಯ ಮೇಲೆ ಒರಗಿದೆವು.

ಆಗ ಲಟಲಟ ಎಂದು ಕೇಳಿಸಿತು. ಹಿರಿಯ ಮೀಟರ್ ರೀಡರ್ ಸಾಲು ಬಿಟ್ಟು ಬಂದು, ಎರಡು ಕಂತಿನಲ್ಲಿ ಮಂಡಿಯೂರಿ, ನನ್ನ ಕಾಲ ಬಳಿ ಕೂತರು. ಚಪ್ಪಲಿಯ ಪಟ್ಟಿಗಳನ್ನು ಒಂದೊಂದಾಗಿ ಚರ್ ಚರ್ ಎಂದು ಬಿಚ್ಚಿದರು.

"ಕಚ್ಕೊಂಡಿರೋದು ಚಪ್ಪಲಿ ತಾನೇ ತಾಯಿ? ಕಾಲಲ್ಲವಲ್ಲ. ತೆಗೀರಿ."

ತೆಗೆದೆ. ಎರಡು ತಿಂಗಳಲ್ಲಿ ನನಗಾಗಲೀ ಮಾವನಿಗಾಗಲೀ ಇದು ಹೊಳೆದಿರಲಿಲ್ಲ. ನಾನು ಬರಿಗಾಲಲ್ಲಿ ನೆಲದ ಮೇಲೆ ನಿಂತೆ. ಸೈಕಲ್ಲು ಪೈಪಿಗೆ ಒರಗಿ ನಿಂತಿತ್ತು, ತಾನೇ ಚಪ್ಪಲಿ ಮೆಟ್ಟಿಕೊಂಡು.

ಮುಗಿಯಿತು, ಇನ್ನು ನಾನು ಹೇಳಬೇಕಾದದ್ದೂ ಇಲ್ಲ ಎಂದುಕೊಂಡೆ.

ಅಷ್ಟರಲ್ಲಿ ಮ್ಯಾನೇಜರ್ ಚಪ್ಪಾಳೆ ತಟ್ಟಿದರು.

"ಅದ್ಭುತ! ನೋಡಿದ್ರಾ ಎಲ್ಲಾ? ಸವಾರಿ ಮಾಡೋದನ್ನ ಯಾರು ಬೇಕಾದ್ರೂ ತೋರಿಸ್ತಾರೆ. ಇವರು ತೋರಿಸಿದ್ದು ಅಪಘಾತದಲ್ಲಿ ಸಿಕ್ಕಿಕೊಂಡ್ರೆ ಬಿಡಿಸ್ಕೊಳ್ಳೋದು ಹೇಗೆ ಅಂತ! ವರದಿ ಪುಟ ಹದಿನಾಲ್ಕು!"

ಚಪ್ಪಾಳೆ ಹಬ್ಬಿತು. ಆಂಟಿಯ ಬಳಗ ಬೆಲ್ಲು ಹೊಡೆಯಿತು. ಮಾವ, "ನನ್ನ ಅಕ್ಕನ ಮಗಳು" ಎಂದು ಸುತ್ತಲಿದ್ದವರಿಗೆ ಪರಿಚಯಿಸತೊಡಗಿದ. ಅಮ್ಮ ಕಣ್ಣೊರೆಸಿಕೊಂಡಳು. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ನನ್ನನ್ನು ಮೀರಿಸಿದವರು ಆ ಊರಿನಲ್ಲೇ ಇರಲಿಲ್ಲ.

ಮ್ಯಾನೇಜರ್ ಟಕ್ ಟಕ್ ಎಂದು ಮೇಜಿನ ಕಡೆ ಹೋಗಿ, ನಲ್ಲಿ ಎತ್ತಿಟ್ಟು, ಪೆನ್ನಿನ ಮುಚ್ಚಳ ತೆಗೆದರು. ಹಿರಿಯ ಮೀಟರ್ ರೀಡರ್ ನೆಲದಿಂದ ಇನ್ನೂ ಏಳಲಾಗದೆ, ಕೂತಲ್ಲಿಂದಲೇ ಎದೆಯ ಜೇಬಿಗೆ ಕೈ ಹಾಕಿ ಪ್ಲಾಸ್ಟಿಕ್ ಕವರನ್ನು ಹೊರಗೆ ತೆಗೆದರು.

ನಾನು ಮೇಜಿನ ಕಡೆ ನಡೆದೆ. ಯಾರೂ ತಿರುಗಿ ನೋಡಲಿಲ್ಲ. ಕಾಲಲ್ಲಿ ಕಬ್ಬಿಣ ಇರಲಿಲ್ಲ, ಸದ್ದೂ ಇರಲಿಲ್ಲ. ಮೊದಲಿನ ಹಾಗೆ. ಮ್ಯಾನೇಜರ ಬೆನ್ನ ಹಿಂದೆ ಹೋಗಿ ನಿಂತರೂ ಅವರಿಗೆ ಗೊತ್ತಾಗಲಿಲ್ಲ. ಪೆನ್ನು ಕಾಗದಕ್ಕೆ ತಗಲುವುದರಲ್ಲಿತ್ತು. ಇನ್ನು ಸದ್ದು ಮಾಡಬೇಕಾದರೆ ನಾನೇ ಮಾಡಬೇಕಿತ್ತು.

"ಸಾರ್," ಎಂದೆ. ದನಿ ಅಂಗಳದ ಆಚೆ ಗೋಡೆಗೆ ಬಡಿದು ವಾಪಸು ಬಂದಿತು. ನನ್ನದೇ ಎಂದು ನಂಬುವುದಕ್ಕೆ ಅರೆಕ್ಷಣ ಬೇಕಾಯಿತು. "ನನಗೆ ಸೈಕಲ್ ಹೊಡಿಯೋಕೆ ಬರಲ್ಲ."